ಪಟದ ಅಂಚಿನ ಮೊಣಕೈ

ನಾನು ನಿಂತಿದ್ದದ್ದು ಜಯಲಕ್ಷ್ಮಿಪುರಂನ ನಮ್ಮ ಮನೆಯ ನಡುಮನೆಯಲ್ಲಿ, ಅಡಿಗೆಮನೆಯ ಬಾಗಿಲಿಗೆ ಬೆನ್ನು ಮಾಡಿ, ಹೊಸ್ತಿಲಿನ ಈಚೆಗೆ. ಹೊತ್ತು, ನವರಾತ್ರಿಯ ಪಾಡ್ಯದ ಸಂಜೆ. ಗೊಂಬೆಗಳ ಮುಂದೆ ದೀಪ ಹಚ್ಚಿ, ಎದುರುಮನೆಯ ಶಾರದಮ್ಮನವರು ದೇವರನಾಮ ಹಾಡಿ ಮುಗಿಸಿ, ಪಕ್ಕದ ಮನೆಯ ರತ್ನಮ್ಮನವರು ಆರತಿ ತಟ್ಟೆಯನ್ನು ಮೇಲಿನ ಹಂತದವರೆಗೆ ಎತ್ತಿದ್ದರು, ಇನ್ನೂ ಇಳಿಸಿರಲಿಲ್ಲ. ಆಗಿ ನಾಲ್ಕು ವರ್ಷವಾಯಿತು. ನನ್ನ ಎರಡೂ ಕೈಗಳಲ್ಲಿ ಕಡ್ಲೆಬೇಳೆ ಕೋಸಂಬರಿಯ ಡಬರಿ ಇತ್ತು. ಇಷ್ಟನ್ನು ನಾನು ಯಾರ ಮುಂದೆ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ.

ಲಘುವಾಗಿ ಏನಾದರೂ ಬರೆಯೋಣವೆಂದು ಕೂತವನು ಸಾಕ್ಷಿ ಕಟ್ಟೆ ಹತ್ತಿದವನ ಹಾಗೆ ಶುರುಮಾಡಿದೆನಲ್ಲ ಎಂದು ನಿಮಗೆ ಅನ್ನಿಸಬಹುದು. ಏನು ಮಾಡಲಿ, ಕಾರಣ ಒಂದು ಫೋಟೊ. ಆ ಫೋಟೊದಲ್ಲಿ ನಾನೂ ಇದ್ದೇನೆ. ಪೂರ್ತಿ ಇಲ್ಲ. ಬಲಗಡೆಯ ಅಂಚಿನಲ್ಲಿ ಒಂದು ಮೊಣಕೈ, ಅದರ ಮುಂದೆ ಅರ್ಧ ಡಬರಿ. ಆ ಮೊಣಕೈ ನನ್ನದು.

ಫೋಟೊ ಇದೆ ಎನ್ನುವುದೇ ನಮಗೆ ಗೊತ್ತಿರಲಿಲ್ಲ. ಹೋದ ವರ್ಷ ಒಂದು ಬೆಳಿಗ್ಗೆ ರತ್ನಮ್ಮನವರು ಕಾಂಪೌಂಡಿನ ಆಚೆಯಿಂದಲೇ ನನ್ನ ಹೆಂಡತಿಯನ್ನು ಕೂಗಿದರು.

"ವಸುಧಾ, ನಿಮ್ಮತ್ತೆ ಗೋಡೆ ಮೇಲಿದಾರೆ ಕಣ್ರೀ!"

ಅಮ್ಮ ತೀರಿಕೊಂಡು ಆಗಲೇ ವರ್ಷದ ಮೇಲಾಗಿತ್ತು. ವಸುಧಾ ತಣ್ಣಗೆ, "ಇದಾರಲ್ಲ, ದಿನಾ ಹೂ ಹಾಕ್ತೀನಿ," ಅಂದಳು.

"ನಿಮ್ಮನೆ ಗೋಡೆ ಅಲ್ಲ ಕಣ್ರೀ. ಅಲ್ಲೆಲ್ಲೋ ಫೋಟೊ ಎಕ್ಸಿಬಿಷನ್ ಇಟ್ಟಿದಾರಂತೆ, ನನ್ನ ತಂಗಿ ಶ್ರೀರಾಂಪುರದಿಂದ ಹೋಗಿದ್ಲು. ನಿಮ್ಮತ್ತೆ, ನೀವು, ನಾನು, ಶಾರದಮ್ಮ, ಎಲ್ರೂ ಇದೀವಂತೆ. ನನ್ನ ಸೀರೆ ಸೆರಗು ಸರಿಯಾಗಿಲ್ವಂತೆ. ಹೇಳ್ಬುಟ್ಟು ತೆಗೀಬಾರ್ದಾ ಈ ಜನ?"

"ನಮ್ಮೆಜಮಾನ್ರು ಇಲ್ವಂತಾ?"

"ಅದೇನೋ ಕೈ ಇದೆಯಂತೆ."

ಫೋಟೊದಲ್ಲಿ ಚೆನ್ನಾಗಿ ಕಾಣಿಸಿಕೊಳ್ಳುವ ಯೋಗ ನನಗೆ ಚಿಕ್ಕಂದಿನಿಂದಲೂ ಇಲ್ಲ. ನಾನು ಐದನೆಯ ಕ್ಲಾಸಿನಲ್ಲಿದ್ದಾಗ ನಮ್ಮ ತಾತ ಮನೆಮಂದಿಯನ್ನೆಲ್ಲ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದರು. ತಾತ ಅರಮನೆಯ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಪೇಟ, ಕರಿ ಕೋಟು, ಜರಿಯ ಅಂಗವಸ್ತ್ರ. ಹಿಂದೆ ಪರದೆಯ ಮೇಲೆ ಕೆರೆ, ಕೆರೆಯಲ್ಲಿ ಎರಡು ಹಂಸ. ಸ್ಟುಡಿಯೋದವನು ನಮ್ಮ ಮುಖಕ್ಕೆಲ್ಲ ಪೌಡರು ಬಳಿದು, ತಾತನಿಗೂ ಒಂದು ಕೈ ಬಳಿದ. ಆ ಪಟ ಇವತ್ತಿಗೂ ನಮ್ಮ ಮನೆಯಲ್ಲಿದೆ. ನೋಡಿದವರೆಲ್ಲ, "ಅಬ್ಬಾ, ಏನು ಗಾಂಭೀರ್ಯ ನಿಮ್ಮ ತಾತಂದು! ಹುಬ್ಬು ನೋಡಿ, ಮೂಗಿನ ಹೊಳ್ಳೆ ನೋಡಿ! ಅರಮನೆಯವರು ಅಂದ್ರೆ ಹಾಗೆ," ಎನ್ನುತ್ತಾರೆ. ಅಜ್ಜಿ ಬದುಕಿರುವ ತನಕ ಅದನ್ನು ಕೇಳಿದಾಗಲೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದರು. ತಾತನಿಗೆ ಪೌಡರಿನಿಂದ ಸೀನು ಬರುತ್ತಿತ್ತು, ತಡೆದುಕೊಂಡಿದ್ದರು. ಅಷ್ಟೇ. ಕ್ಲಿಕ್ ಅಂದ ಮರುಕ್ಷಣ ಅವರು ಸೀನಿದ ರಭಸಕ್ಕೆ ಹಂಸಗಳ ಪರದೆ ಅಲ್ಲಾಡಿತು ಎಂದು ಅಜ್ಜಿ ಹೇಳುತ್ತಿದ್ದರು. ನಾನು ಆ ಪಟದಲ್ಲಿ ಕಣ್ಣು ಮುಚ್ಚಿದ್ದೇನೆ.

ಕಣ್ಣು ಮುಚ್ಚಿದ ಹುಡುಗ ಮುಂದೆ ಇನ್ನೊಬ್ಬರ ಚಿತ್ರ ತೆಗೆಯುವ ಕೆಲಸಕ್ಕೇ ಸೇರಿದ. ಊರಿನ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ವಿಭಾಗದಲ್ಲಿ ನನ್ನ ಸರ್ವೀಸೆಲ್ಲ ಕಳೆಯಿತು. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡ್ಬೇಡಿ... ಹ್ಞಾ, ಬಿಡಿ." ಇದನ್ನು ಎಷ್ಟು ಸಲ ಹೇಳಿದ್ದೇನೋ, ನಿದ್ದೆಯಲ್ಲೂ ಹೇಳುತ್ತೇನಂತೆ. ವಸುಧಾ ಮೊದಮೊದಲು ನಿಜವಾಗಿಯೂ ಉಸಿರು ಹಿಡಿದು ಮಲಗುತ್ತಿದ್ದಳಂತೆ. ಆ ಕೆಲಸದಲ್ಲಿ ಎರಡು ಕಟ್ಟಳೆ. ಒಂದು, ಎಡ ಬಲದ ಗುರುತು ತಪ್ಪಬಾರದು. ಚಿತ್ರದಲ್ಲಿ ರೋಗಿ ನಿಮ್ಮ ಎದುರಿಗೆ ನಿಂತ ಹಾಗೆ. ಅವನ ಎಡ ನಿಮ್ಮ ಬಲಕ್ಕೆ ಬರುತ್ತದೆ. ಅದಕ್ಕೇ ಪ್ರತಿ ಚಿತ್ರದ ಮೂಲೆಯಲ್ಲೂ ಸೀಸದ ಒಂದು ಅಕ್ಷರ ಇಡುತ್ತೇವೆ. ಇನ್ನೊಂದು, ಚಿತ್ರ ತೆಗೆಯುವವನು ಅರ್ಥ ಹೇಳಬಾರದು. ರೋಗಿಗಳು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಮುಖ ನೋಡುತ್ತಾರೆ. "ಏನ್ ಸಾರ್ ಕಾಣ್ಸುತ್ತೆ?" "ಡಾಕ್ಟ್ರು ಹೇಳ್ತಾರೆ ಕಣಪ್ಪಾ." ಚಿತ್ರವನ್ನು ನೋಡಿ ಬಾಯಿ ಮುಚ್ಚಿಕೊಂಡಿರುವುದರಲ್ಲಿ ನನಗೆ ಒಳ್ಳೆಯ ತರಬೇತಿ ಇದೆ ಎಂದು ನಂಬಿದ್ದೆ.

ಆ ತರಬೇತಿ ಕೈಕೊಟ್ಟದ್ದು ಅಮ್ಮನ ವಿಷಯದಲ್ಲಿ. ನಾನು ನಿವೃತ್ತನಾದ ವರ್ಷ, ಯುಗಾದಿ ಕಳೆದ ಮೇಲೆ, ಅಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು; ಮಾತು ಪೂರ್ತಿ ನಿಂತಿತು. ಡಾಕ್ಟರು ತಲೆಯ ಸ್ಕ್ಯಾನನ್ನು ಬೆಳಕಿಗೆ ಹಿಡಿದು ತೋರಿಸಿದರು. ಎಡಗಡೆ, ಎಂದರೆ ನಮ್ಮ ಬಲಕ್ಕೆ, ಒಂದು ಸಣ್ಣ ಮಸುಕು. ಅಮ್ಮನ ಮಾತೆಲ್ಲ ಅದರ ಹಿಂದೆ ಸಿಕ್ಕಿಕೊಂಡಿತ್ತು. "ಎಲ್ಲಾ ಅರ್ಥ ಆಗುತ್ತೆ ಅವರಿಗೆ. ಮಾತು ಬರಬಹುದು, ಬರದೇನೂ ಇರಬಹುದು," ಎಂದರು ಡಾಕ್ಟರು. ಇದು ನನಗೆ ಮೊದಲೇ ಕಂಡಿತ್ತು. ನಾನೇ ಕೇಳಿದೆ, "ಏನ್ ಸಾರ್ ಕಾಣ್ಸುತ್ತೆ?" ಎಂದು.

ನಮ್ಮಮ್ಮನಿಗೆ ಮಾತು ನಿಂತಿತು ಎಂದರೆ ಏನು ಎಂದು ತಿಳಿಯಲು ನಿಮಗೆ ನಮ್ಮಮ್ಮ ಗೊತ್ತಿರಬೇಕಿತ್ತು. ಅವರ ಮಾತು ಮುಕ್ಕಾಲು ಪಾಲು ಗದರಿಕೆ. ಸೊಪ್ಪಿನವಳನ್ನು ಗದರಿಸಿ, ಅವಳಿಗೆ ಕಾಫಿ ಕೊಟ್ಟು, ಕಾಫಿ ಆರಿಸಿಕೊಂಡು ಕುಡಿದದ್ದಕ್ಕೆ ಇನ್ನೊಂದು ಸಲ ಗದರಿಸಿ ಕಳಿಸುತ್ತಿದ್ದರು. ನನ್ನನ್ನು ಅರುವತ್ತು ವರ್ಷ ಗದರಿಸಿದ್ದಾರೆ. ಮನೆಗೆ ಬೆಳಗಾಗುತ್ತಿದ್ದದ್ದೇ ಅದರಿಂದ. ಈಗ ಗಡಿಯಾರದ ಶಬ್ದ ಕೇಳಿಸತೊಡಗಿತು. ನಮ್ಮ ಮನೆಯ ಗಡಿಯಾರ ಅಷ್ಟು ಜೋರಾಗಿ ಹೊಡೆದುಕೊಳ್ಳುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಮಾತು ಕಲಿಸಲು ವಾರಕ್ಕೆರಡು ಸಲ ಒಬ್ಬ ಹುಡುಗಿ ಬರುತ್ತಿದ್ದಳು. ಚಿತ್ರದ ಕಾರ್ಡು ಹಿಡಿದು, "ಅಜ್ಜಿ, ಇದೇನು ಹೇಳಿ? ಬಾ... ಬಾ..." ಎನ್ನುವಳು. ಬಾಳೆಹಣ್ಣು. ಅಮ್ಮ ಮುಖ ಆ ಕಡೆ ತಿರುಗಿಸಿಕೊಳ್ಳುವರು. ಆ ಚಿತ್ರದ ಬಾಳೆಹಣ್ಣು ನಂಜನಗೂಡಿನ ರಸಬಾಳೆಯ ಹತ್ತಿರಕ್ಕೂ ಬರುವಂಥದ್ದಲ್ಲ, ಅದೂ ನಿಜ. ಒಂದು ದಿನ ಹೊರಡುವಾಗ ಆ ಹುಡುಗಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ವಸುಧಾಳಿಗೆ, "ನಾವು ಕೇಳೋದಕ್ಕೆ ಅವರು ಮಾತಾಡಲ್ಲ ಆಂಟಿ. ಅವರಿಗೇ ಹೇಳದೇ ಇರೋಕಾಗಲ್ಲ ಅನ್ನಿಸ್ಬೇಕು," ಎಂದು ಹೇಳಿಹೋದಳು. ನಾನು ಗೇಟಿನ ಹತ್ತಿರ ನಿಂತು ಇದನ್ನು ಕೇಳಿಸಿಕೊಂಡೆ. ಕೇಳಿಸಿಕೊಂಡು ಗೇಟು ಹಾಕಿದೆ. ವಸುಧಾ ಏನು ಮಾಡಿದಳೆಂಬುದು ಮುಂದೆ ಬರುತ್ತದೆ.

ಇನ್ನು ಗೊಂಬೆ. ಮೈಸೂರಿನವರಿಗೆ ಹೇಳಬೇಕಾಗಿಲ್ಲ, ಬೇರೆ ಊರಿನವರು ಓದುತ್ತಿದ್ದರೆ ಇರಲಿ ಎಂದು ಹೇಳುತ್ತೇನೆ. ದಸರೆಗೆ ಗೊಂಬೆ ಕೂರಿಸುವಾಗ ಎಲ್ಲಕ್ಕಿಂತ ಮೇಲಿನ ಹಂತ ಪಟ್ಟದ ಗೊಂಬೆಗಳದ್ದು, ರಾಜ ರಾಣಿ. ಮರದವು, ಮದುವೆಯಲ್ಲಿ ಹೆಣ್ಣಿನ ತೌರಿನವರು ಕೊಟ್ಟು ಕಳಿಸುವಂಥವು. ಕೆಳಗೆ ದೇವರುಗಳು, ಅದರ ಕೆಳಗೆ ಕಾಳುಕಡ್ಡಿ ಹರಡಿಕೊಂಡು ಕೂತ ಹೊಟ್ಟೆಯ ಶೆಟ್ಟರು, ಅವರ ಹೆಂಡತಿ, ನೆಲದ ಮೇಲೆ ರಾಗಿ ಪೈರಿನ ಪಾರ್ಕು, ಪ್ಲಾಸ್ಟಿಕ್ಕಿನ ಜಿರಾಫೆ. ಜಿರಾಫೆ ಹುಲಿಯ ಪಕ್ಕ ನಿಂತರೂ ಯಾರೂ ಕೇಳುವುದಿಲ್ಲ. ಆದರೆ ಪಟ್ಟದ ಗೊಂಬೆಯ ಲೆಕ್ಕ ಬೇರೆ. ರಾಣಿ ರಾಜನ ಎಡಕ್ಕೇ ಇರಬೇಕು. ರಾಜನ ಎಡಕ್ಕೆ; ನೋಡುವವರ ಎಡಕ್ಕಲ್ಲ.

ವಸುಧಾಳ ತೌರು ಮಂಡಕಳ್ಳಿಯ ಕಡೆ. ಅಲ್ಲಿ ಆಗ ಈಗಿನ ಹೊಸ ವಿಮಾನ ನಿಲ್ದಾಣ ಇರಲಿಲ್ಲ. ಅವರ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿಯೂ ಇರಲಿಲ್ಲ. ಮದುವೆಯಾಗಿ ಬಂದ ಮೊದಲ ದಸರೆಯಲ್ಲಿ ಅಮ್ಮ, "ನೀನೇ ಇಡಮ್ಮಾ," ಎಂದು ತಮ್ಮ ಪಟ್ಟದ ಗೊಂಬೆಗಳನ್ನು ಅವಳ ಕೈಗೆ ಕೊಟ್ಟರು. ಅವಳು ರಾಣಿಯನ್ನು ತನ್ನ ಎಡಕ್ಕೆ ಇಟ್ಟಳು, ಅಂದರೆ ರಾಜನ ಬಲಕ್ಕೆ. ಬೀದಿಯ ಹೆಂಗಸರೆಲ್ಲ ಕೂತಿರುವಾಗ ಅಮ್ಮ ಗದರಿದರು: "ರಾಣೀನ ಎಲ್ಲಿಟ್ಬುಟ್ಟಿದೀಯೇ? ಎಡಕ್ಕೆ ಕಣೇ! ರಾಜ ಕತ್ತಿ ಎಳೆದ್ರೆ ಮೊದಲು ಅವಳಿಗೇ ತಗಲುತ್ತೆ!" ರಾಜನ ಸೊಂಟದಲ್ಲಿ ಬೆರಳುದ್ದದ ಕತ್ತಿ ಇದೆ. ವಸುಧಾ ಆವತ್ತು ಅತ್ತಳು, ಆಮೇಲೆ ಕತ್ತಿ ನೋಡಿ ನಕ್ಕಳು. ಮುಂದೆ ಎಷ್ಟು ದಸರೆಯಾದರೂ ಆ ತಪ್ಪು ಮಾಡಲಿಲ್ಲ. ತಾನೇ ಬೇರೆಯವರ ಮನೆಗೆ ಹೋದಾಗ ಮೆಲ್ಲಗೆ ಕಣ್ಣಲ್ಲೇ ರಾಣಿಯನ್ನು ಹುಡುಕುತ್ತಿದ್ದಳು.

ಈಗ ಆ ಸಂಜೆಗೆ ಬರುತ್ತೇನೆ. ಅಮ್ಮನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ ಗೊಂಬೆಗಳ ಎದುರಿಗೆ ತಂದಿದ್ದೆವು. ಶಾರದಮ್ಮ ಚಾಪೆಯ ಮೇಲೆ. ವಸುಧಾ ಅಮ್ಮನ ಕಾಲ ಹತ್ತಿರ ನೆಲದಲ್ಲಿ. ಆರತಿ ಮಾಡಲು ತಾನು ಏಳದೆ ರತ್ನಮ್ಮನವರಿಗೆ, ನೀವೇ ಮಾಡಿ, ಎಂದಿದ್ದಳು. ಬಾಗಿಲಲ್ಲಿ ಯಾರೋ ನಾಲ್ಕು ಜನ ಹುಡುಗರು, ಕೊರಳಿಗೆ ಕ್ಯಾಮೆರಾ. ದಸರೆಯಲ್ಲಿ ಹೀಗೆ ಮನೆಮನೆಯ ಗೊಂಬೆ ಫೋಟೊ ತೆಗೆಯುವವರು ಬರುತ್ತಾರೆ. "ತೆಗೀರಪ್ಪ, ಆಮೇಲೆ ಕೋಸಂಬರಿ ತಿಂದ್ಕೊಂಡು ಹೋಗಿ," ಎಂದು ನಾನು ಡಬರಿ ತರಲು ಒಳಗೆ ಹೋದೆ. ತಂದೆ. ಆರತಿಯ ಬೆಳಕು ಮೇಲಿನ ಹಂತಕ್ಕೆ ಬಿತ್ತು.

ಅಮ್ಮನ ಎಡಗೈ ಎದ್ದಿತು. ತೋರುಬೆರಳು ನೇರವಾಯಿತು. ಆಮೇಲೆ, ಯುಗಾದಿಯಿಂದ ಕೇಳದಿದ್ದ ದನಿ, ಸ್ವಲ್ಪ ಒಡೆದು, ಆದರೆ ಅದೇ ದನಿ:

"ಎಡಕ್ಕೆ ಕಣೇ!"

ನಾನು ಕೇಳಿದ್ದು ಇಷ್ಟೇ. ಎರಡು ಮಾತು. ರತ್ನಮ್ಮನವರು ಮಾತ್ರ, ಅಮ್ಮ "ಎಡಕ್ಕೆ ಕಣೇ, ದಡ್ಡಿ!" ಅಂದರು ಎಂದು ಇವತ್ತಿಗೂ ಸಾಧಿಸುತ್ತಾರೆ. "ದಡ್ಡಿ" ಅವರ ಕಾಣಿಕೆ ಎಂದು ನನ್ನ ಅಭಿಪ್ರಾಯವಾಗಿತ್ತು. ಆಮೇಲೆ ನಡುಮನೆಯಲ್ಲಿ ಆದ ಗಲಾಟೆಯನ್ನು ನಾನು ಕ್ರಮವಾಗಿ ಹೇಳಲಾರೆ. ಶಾರದಮ್ಮ ಕೈ ಮುಗಿದು ಅಳುತ್ತಿದ್ದರು, ರತ್ನಮ್ಮ ಆರತಿ ತಟ್ಟೆ ಹಿಡಿದೇ ಕೂಗುತ್ತಿದ್ದರು, ವಸುಧಾ ಅಮ್ಮನ ಮಡಿಲಲ್ಲಿ ಮುಖ ಇಟ್ಟಿದ್ದಳು, ಕೋಸಂಬರಿ ನೆಲದ ಮೇಲಿತ್ತು. ಹುಡುಗರು ಇರಲಿಲ್ಲ. ಜಗಳ ಎಂದುಕೊಂಡು ತಿಂಡಿಯನ್ನೂ ತಿನ್ನದೆ ಮೆಲ್ಲಗೆ ಜಾರಿಕೊಂಡಿದ್ದರು. ಹೋಗುವ ಮುಂಚೆ ಒಬ್ಬ ಮಾತ್ರ ಒಂದು ಸಲ ಬಟನ್ ಒತ್ತಿದ್ದ.

ಆಮೇಲೆ ಅಮ್ಮನಿಗೆ ಮಾತುಗಳು ಒಂದೊಂದಾಗಿ ಬಂದವು. ಗದರುವ ಮಾತೇ ಮೊದಲು. "ಬೇಡ," "ಥೂ," "ಉಪ್ಪಿಲ್ಲ." ಒಳ್ಳೆಯ ಮಾತು ಬರಲು ಸಂಕ್ರಾಂತಿಯೇ ಆಯಿತು. ಎಳ್ಳುಬೆಲ್ಲ ಬಾಯಿಗೆ ಹಾಕಿದ ಮೇಲೆ ನನ್ನನ್ನು ನೋಡಿ, "ಉಂಡ್ಯಾ?" ಎಂದರು. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಇಂಥ ಸಂಜೆಯ ಫೋಟೊ ಗೋಡೆಯ ಮೇಲಿದೆ ಎಂದರೆ ಎಷ್ಟು ಸಂತೋಷದಿಂದ ಹೋಗಿರಬಹುದು ಯೋಚಿಸಿ. ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡೆ. ಮೊಣಕೈ ಮುಚ್ಚುವ ತುಂಬುತೋಳಿನದು. ಇಬ್ಬರೂ ಸ್ಕೂಟರಿನಲ್ಲಿ ಹೋದೆವು.

ಪಟ ದೊಡ್ಡದಾಗಿತ್ತು, ಕಪ್ಪು ಬಿಳುಪು. ನಿಜವಾಗಿಯೂ ಚೆನ್ನಾಗಿತ್ತು, ಅದೇ ಕಷ್ಟ. ಎಡಗಡೆ ಅಮ್ಮ, ಕಣ್ಣು ಕೆಂಡ, ಬೆರಳು ಬಾಣದ ಹಾಗೆ. ಅವರ ಕಾಲ ಬಳಿ ವಸುಧಾ, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು. ಶಾರದಮ್ಮ, ರತ್ನಮ್ಮ ಗಾಬರಿಯಾಗಿ ತಿರುಗಿದ್ದಾರೆ. ಹಿಂದೆ ಗೊಂಬೆಗಳು ಮಸುಕು ಮಸುಕು. ಕೆಳಗೆ ಹೆಸರು: "ಅತ್ತೆಮನೆ."

ಯಾವುದೋ ಕಾಲೇಜಿನ ಮೇಡಂ ಒಬ್ಬರು ವಿದ್ಯಾರ್ಥಿಗಳ ಗುಂಪಿಗೆ ವಿವರಿಸುತ್ತಿದ್ದರು. "ನೋಡಿ, ಎಡಗೈ ತೋರಿಸ್ತಿದಾರೆ. ಬಲಗೈ ಎತ್ತೋಷ್ಟೂ ಬೆಲೆ ಇಲ್ಲ ಆ ಸೊಸೆಗೆ. ಹಬ್ಬ ಬೇರೆ, ಸುತ್ತ ಜನ ಬೇರೆ. ಆ ಹೆಣ್ಣಿನ ಕಣ್ಣು ನೋಡಿ."

ಒಬ್ಬ ಹುಡುಗಿ ನನ್ನ ಅಂಚಿಗೆ ಬಂದಳು. "ಮ್ಯಾಮ್, ಇಲ್ಲೊಬ್ಬ ಗಂಡಸು ಇದಾನೆ."

"ಹ್ಞಾ, ಅದೇ. ಗಮನಿಸಿ, ಅವನಿಗೆ ಮುಖ ಇಲ್ಲ. ಬರೀ ಪಾತ್ರೆ ಹಿಡ್ಕೊಂಡು ಮೂಲೇಲಿ ನಿಂತಿದಾನೆ. ಅಷ್ಟೇ ಅವನ ಪಾಲು."

ಮದುವೆಯಾದಾಗಿನಿಂದ ನನ್ನ ಬಗ್ಗೆ ಹೇಳಿದ ಮಾತುಗಳಲ್ಲಿ ಇದು ಅಷ್ಟೇನೂ ತಪ್ಪಲ್ಲ. ಆದರೆ ಅಮ್ಮನ ಬಗ್ಗೆ ಹೇಳಿದ್ದು ನನ್ನ ಎದೆಗೆ ತಗಲಿತು. ಬಲಗೈ ಎತ್ತಲಿಲ್ಲವಂತೆ! ಎತ್ತಲು ಆಗಿದ್ದರೆ ತಾನೇ?

ಫೋಟೊ ತೆಗೆದವನು ಅಲ್ಲೇ ಇದ್ದ. ಚೇತನ್ ಎಂದು ಹೆಸರು, ತೆಳ್ಳಗೆ, ಸಂಕೋಚದ ಹುಡುಗ. ನಾನು ಆ ಮನೆಯವನು ಎಂದಾಗ ಅವನ ಮುಖ ಬಿಳಿಚಿತು. ಬೈಯಲು ಬಂದಿದ್ದೇನೆ ಎಂದುಕೊಂಡ. "ಸಾರ್, ಅವತ್ತು ಕೇಳಿ ಹಾಕ್ಬೇಕು ಅಂತಾನೇ ಇದ್ದೆ. ಆದ್ರೆ ಒಳಗೆ ಆ ತರ ಗಲಾಟೆ..." ಎಂದು ತೊದಲಿ, ಇನ್ನೂ ಒಂದು ವಿಷಯ ಹೇಳಿಬಿಟ್ಟ. ಅವರ ಸಂಘದವರು ಪ್ರತಿ ವರ್ಷ ಒಂದು ಕ್ಯಾಲೆಂಡರ್ ಅಚ್ಚು ಹಾಕಿಸುತ್ತಾರಂತೆ. ಅಕ್ಟೋಬರಿನ ಪುಟಕ್ಕೆ ಈ ಫೋಟೊ ಆರಿಸಿದ್ದಾರಂತೆ. ವಾರದಲ್ಲಿ ಪ್ರೆಸ್ಸಿಗೆ ಹೋಗುತ್ತದಂತೆ.

ಅಂದರೆ ಊರಿನ ಅದೆಷ್ಟೋ ಅಡಿಗೆಮನೆಗಳಲ್ಲಿ, ಹಾಲಿನ ಚೀಟಿಯ ಪಕ್ಕದಲ್ಲಿ, ನಮ್ಮಮ್ಮ ಇಡೀ ದಸರೆಯ ತಿಂಗಳು ಸೊಸೆಯನ್ನು ಗೋಳುಹೊಯ್ದುಕೊಳ್ಳುತ್ತಾ ತೂಗುಬಿದ್ದಿರಬೇಕು. ಗದರಿಸುತ್ತಿದ್ದರು, ನಿಜ. ಆದರೆ ವಸುಧಾಳಿಗೆ ಜ್ವರ ಬಂದಾಗ ರಾತ್ರಿಯಿಡೀ ಕೂತು ಒದ್ದೆಬಟ್ಟೆ ಹಾಕಿದವರು, ಅದಕ್ಕೂ ಗದರಿಸಿಕೊಂಡೇ ಹಾಕಿದವರು, ಅವರು. ಸತ್ತವರು ಗೋಡೆಯಿಂದ ಇಳಿದು ಬಂದು "ಹಾಗಲ್ಲ ಕಣಪ್ಪಾ" ಎಂದು ಹೇಳುವ ಹಾಗಿಲ್ಲ. ನಾನು ಹೇಳಬೇಕು. ಜೀವಮಾನದಲ್ಲಿ ಮೊದಲ ಸಲ ಒಂದು ಚಿತ್ರದ ಅರ್ಥ ನಾನು ಹೇಳಬೇಕು.

ಹೇಳಿದೆ. ಪಟದ ಮುಂದೆ ನಿಂತು, ಒಂದೊಂದಾಗಿ. ಲಕ್ವ ಹೊಡೆದದ್ದು, ಬಲಗೈ ಏಳದಿದ್ದದ್ದು, ಮಾತು ನಿಂತಿದ್ದದ್ದು. ಆರತಿಯ ಬೆಳಕು ಎಲ್ಲಿಗೆ ಬಿತ್ತು, ಅಮ್ಮ ಏನೆಂದರು, ಯಾರ್ಯಾರು ಯಾಕೆ ಅತ್ತರು. "ನನ್ನ ಹೆಂಡತಿ ಇಡೀ ಆರು ತಿಂಗಳು ಅಮ್ಮನ ಸೇವೆ ಮಾಡಿ ಸುಸ್ತಾಗಿದ್ದಳಪ್ಪಾ. ಆ ಸುಸ್ತಿನಲ್ಲಿ ಕೈತಪ್ಪಿ ರಾಣಿಯನ್ನು ಬಲಕ್ಕೆ ಇಟ್ಟುಬಿಟ್ಟಿದ್ದಳು. ಅದನ್ನ ನೋಡಿ ಅಮ್ಮನಿಗೆ ಮಾತು ಬಂತು. ಇದು ಅಳು ಅಲ್ಲ, ಸಂತೋಷ. ಇವಳು ಅಮ್ಮನ ಕಾಲ ಹತ್ತಿರ ಕೂತಿದ್ದು ಹೆದರಿ ಅಲ್ಲ, ಅಮ್ಮ ಕುರ್ಚಿಯಿಂದ ಜಾರಬಾರದು ಅಂತ."

ಮೇಡಂ ಪಟದ ಹತ್ತಿರಕ್ಕೆ ಬಂದು ಅಮ್ಮನ ಬಲಗೈ ನೋಡಿದರು. ಚೇತನ್, "ಅಯ್ಯೋ ಸಾರ್," ಎಂದು ತಲೆ ಮೇಲೆ ಕೈ ಇಟ್ಟುಕೊಂಡ. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಕಣ್ಣಾರೆ ಕಂಡವನ ಮಾತಿಗೆ ಇರುವ ತೂಕವೇ ಬೇರೆ.

ಅಷ್ಟು ಹೊತ್ತು ವಸುಧಾ ಪಟವನ್ನೇ ನೋಡುತ್ತಾ ನಿಂತಿದ್ದಳು. ಅಲ್ಲಿಂದ ಕಣ್ಣು ತೆಗೆಯದೆ, "ಕೈತಪ್ಪಿ ಅಲ್ಲ ಕಣ್ರೀ," ಅಂದಳು.

"ಏನು?"

"ರಾಣೀನ. ಬೇಕು ಅಂತಾನೇ ಇಟ್ಟೆ."

ನಾನು ಅವಳ ಮುಖ ನೋಡಿದೆ.

"ಮಾತು ಕಲಿಸೋಕೆ ಬರ್ತಿದ್ದ ಹುಡುಗಿ ಹೇಳಿದ್ಲಲ್ಲ, ಹೇಳದೇ ಇರೋಕಾಗಲ್ಲ ಅನ್ನಿಸ್ಬೇಕು ಅಂತ. ಅವತ್ತಿಂದ ಮಾಡ್ತಾನೇ ಇದ್ದೆ. ಸಾರಿಗೆ ಉಪ್ಪು ಹಾಕದೆ ಕೊಟ್ಟೆ. ಅಮ್ಮ ಸುಮ್ನೆ ಉಂಡ್ರು. ಶುಕ್ರವಾರ ಹೊಸ್ತಿಲಿಗೆ ಅರಿಸಿನ ಹಚ್ಚದೆ ಬಿಟ್ಟೆ. ನೋಡಿದ್ರು, ಕಣ್ಣು ಮುಚ್ಕೊಂಡ್ರು. ನೀವು ಸಾರಿಗೆ ಉಪ್ಪಿಲ್ಲ ಅಂತ ನನ್ನ ಮೇಲೆ ರೇಗಿದ್ರಿ, ಜ್ಞಾಪಕ ಇದೆಯಾ?"

ಜ್ಞಾಪಕ ಇತ್ತು.

"ಇನ್ನು ಒಂದೇ ಉಳಿದಿತ್ತು. ರಾಣಿ ಬಲಕ್ಕೆ ಹೋದ್ರೂ ಅಮ್ಮ ಸುಮ್ನಿದ್ರೆ, ಅಮ್ಮ ಇನ್ನು ಮಾತಾಡಲ್ಲ ಅಂತ ಗೊತ್ತಾಗಿಬಿಡ್ತಿತ್ತು ನನಗೆ. ಆರತಿ ರತ್ನಮ್ಮನ ಕೈಗೆ ಕೊಟ್ಟಿದ್ದೂ ಅದಕ್ಕೇ. ನಾನು ಅಮ್ಮನ ಬಾಯಿ ನೋಡ್ಬೇಕಿತ್ತು."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ನಿಮಗೆ ಹೇಳಿದ್ರೆ ಅಮ್ಮನ ಮುಂದೆ ಹೇಳ್ದೇ ಇರ್ತಿದ್ರಾ? 'ಅವಳು ಬೇಕಂತ ಮಾಡಿದ್ದು ಕಣಮ್ಮಾ' ಅಂತ ಪ್ರಮಾಣ ಮಾಡಿ ಹೇಳ್ತಿದ್ರಿ. ಅವರು ನಿಜವಾಗ್ಲೂ ರೇಗಿದ್ದು. ಅದು ಹಾಗೇ ಇರ್ಲಿ ಅಂತ ಬಿಟ್ಟೆ."

ಆಗ ನಾನು ಪಟವನ್ನು ಮತ್ತೆ ನೋಡಿದೆ. ಕಣ್ಣೆದುರಿಗೇ ಇತ್ತು. ಅಮ್ಮನ ಬೆರಳು ಹೋದ ಕಡೆಗೇ ಎಲ್ಲರ ಕಣ್ಣೂ ಹೋಗಿದೆ. ಶಾರದಮ್ಮ ಗೊಂಬೆ ನೋಡುತ್ತಿದ್ದಾರೆ, ರತ್ನಮ್ಮ ಗೊಂಬೆ ನೋಡುತ್ತಿದ್ದಾರೆ. ವಸುಧಾ ಒಬ್ಬಳು ಗೊಂಬೆಯ ಕಡೆ ತಿರುಗಿಯೇ ಇಲ್ಲ. ಏನು ತಪ್ಪಾಗಿದೆ ಎಂದು ಹುಡುಕುವ ಅಗತ್ಯವೇ ಅವಳಿಗಿಲ್ಲ. ಅವಳ ಒದ್ದೆ ಕಣ್ಣು ಅಮ್ಮನ ತುಟಿಯ ಮೇಲಿದೆ. ಅಲ್ಲೇ ನಿಂತಿದ್ದೆ ನಾನು, ಜಾಗ, ಹೊತ್ತು, ಡಬರಿ ಎಲ್ಲ ಸರಿಯಾಗಿ ಹೇಳಬಲ್ಲವನು. ಇದೊಂದನ್ನು ಮಾತ್ರ ನೋಡಿರಲಿಲ್ಲ. ಸರ್ವೀಸೆಲ್ಲ ಎಡ ಬಲದ ಗುರುತು ಹಾಕಿದವನಿಗೆ ಆವತ್ತು ಮಧ್ಯಾಹ್ನದಿಂದ ಸಂಜೆಯವರೆಗೆ ರಾಣಿ ಬಲಕ್ಕಿದ್ದಾಳೆ ಎಂದೂ ತಿಳಿದಿರಲಿಲ್ಲ.

ಮೇಡಂ ಮೂಗು ಒರೆಸಿಕೊಳ್ಳುತ್ತಿದ್ದರು. ಚೇತನ್, "ಆಂಟಿ, ತೆಗೆದುಬಿಡ್ತೀನಿ. ಕ್ಯಾಲೆಂಡರಿಗೂ ಬೇಡ ಅಂತ ಹೇಳ್ತೀನಿ," ಎಂದ.

"ಯಾಕೆ ತೆಗೀತೀಯಪ್ಪಾ? ನಮ್ಮನೇಲಿ ಹೂ ಹಾಕೋ ಪಟ ಇದೆಯಲ್ಲ, ಯಾವುದೋ ಸ್ಟುಡಿಯೋದಲ್ಲಿ ತೆಗೆದಿದ್ದು. ಅದರಲ್ಲಿ ಅಮ್ಮ ಪಾಪದವರ ತರ ಕೂತಿದಾರೆ. ಯಾರೋ ಏನೋ ಅನ್ಸುತ್ತೆ. ನನ್ನ ಅತ್ತೆ ಇವರು." ಬೆರಳು ತೋರಿಸಿದಳು. "ಗದರೋದು ಇನ್ನೆಲ್ಲಿ ನೋಡ್ಲಿ ನಾನು? ಹೆಸರೊಂದು ಬದಲಾಯ್ಸು, ಸಾಕು."

"ಏನಂತ ಬರೀಲಿ ಆಂಟಿ? 'ಮಾತು' ಅಂತ? 'ಪ್ರೀತಿ' ಅಂತ?"

"ಥೂ. ಅಮ್ಮ ಏನಂದ್ರೋ ಅದನ್ನೇ ಬರಿ. 'ಎಡಕ್ಕೆ ಕಣೇ'."

"ಜನಕ್ಕೆ ಅರ್ಥ ಆಗಲ್ಲ ಆಂಟಿ. ರಾಜಕೀಯ ಅನ್ಕೋತಾರೆ."

"ಆಗ್ದೇ ಇದ್ರೆ ಗೊಂಬೆ ಕೂರಿಸಿರೋರ ಮನೇಲಿ ಹೋಗಿ ಕೇಳ್ತಾರೆ ಬುಡು."

ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತು ಅವಳು ನನ್ನ ಕಿವಿಯ ಹತ್ತಿರ ಒಂದು ಮಾತು ಹೇಳಿದಳು. "ರತ್ನಮ್ಮ ಸರಿಯಾಗೇ ಕೇಳಿಸಿಕೊಂಡಿದಾರೆ. 'ದಡ್ಡಿ' ಅಂದ್ರು. ನನಗೇ ಅಂದಿದ್ದು, ನನಗೆ ಗೊತ್ತಿಲ್ವಾ?" ನಾನು ಪಡುವಾರಹಳ್ಳಿಯ ಸಿಗ್ನಲ್ಲಿನಲ್ಲಿ ಹಸಿರು ಬಂದರೂ ನಿಂತೇ ಇದ್ದೆನಂತೆ.

ಅಮ್ಮನಿಗೆ ಮಾತು ಬಂದ ಮರುವರ್ಷದ ದಸರೆಯದು ಈಗ ಜ್ಞಾಪಕಕ್ಕೆ ಬರುತ್ತದೆ. ಅಮ್ಮನಿಗೆ ಆಗ ಸಣ್ಣ ಸಣ್ಣ ವಾಕ್ಯ ಬರುತ್ತಿತ್ತು. ಪಟ್ಟದ ಗೊಂಬೆ ಕೊಡುವಾಗ ವಸುಧಾಳ ಕೈ ಹಿಡಿದು, "ಈ ಸಲ ಸರಿಯಾಗಿಡು. ಮಾತು ಬಂತಲ್ಲ," ಎಂದಿದ್ದರು. ಆಗ ನನಗೆ ಅದು ಬರೀ ತಮಾಷೆ ಅನ್ನಿಸಿತ್ತು. ಈಗ ಅದರ ಅರ್ಥ ಏನಿರಬಹುದು ಎಂದು ವಸುಧಾಳನ್ನು ಕೇಳಿದರೆ, "ಡಾಕ್ಟ್ರು ಹೇಳ್ತಾರೆ," ಎನ್ನುತ್ತಾಳೆ.

ಕ್ಯಾಲೆಂಡರ್ ಜನವರಿಯಲ್ಲಿ ಬಂತು. ಚೇತನ್ ತಾನೇ ತಂದುಕೊಟ್ಟ. ಆವತ್ತು ಬಿಟ್ಟುಹೋದ ಕೋಸಂಬರಿಯನ್ನು ಈಗ ಕೂರಿಸಿ ತಿನ್ನಿಸಿದೆವು. ರತ್ನಮ್ಮನವರ ಮನೆಯಲ್ಲಿ ವರ್ಷವಿಡೀ ಅಕ್ಟೋಬರೇ. ಸೆರಗಿನ ವಿಷಯ ಅವರು ಮರೆತಿದ್ದಾರೆ. ನಮ್ಮ ಮನೆಯಲ್ಲಿ ಆ ಪುಟವನ್ನು ಕತ್ತರಿಸಿ ಕಟ್ಟು ಹಾಕಿಸಿ, ಹೂ ಹಾಕುವ ಪಟದ ಪಕ್ಕಕ್ಕೆ, ಅದರ ಎಡಕ್ಕೆ, ಹಾಕಿದ್ದೇವೆ. ದಿನವೂ ಹತ್ತಿರದಿಂದ ನೋಡಿ ನೋಡಿ ನಾನು ಇನ್ನೊಂದನ್ನು ಕಂಡುಕೊಂಡೆ. ಪಟದಲ್ಲಿ ಎಲ್ಲರೂ ಖಚಿತವಾಗಿ ಬಿದ್ದಿದ್ದಾರೆ. ಅಮ್ಮನ ಬೆರಳಿನ ಉಗುರು ಕೂಡ ಕಾಣುತ್ತದೆ. ಮೊಣಕೈ ಮಾತ್ರ ಮಸುಕು. ಊರಿಗೆಲ್ಲ ಅಲ್ಲಾಡಬೇಡಿ ಎಂದವನು ಅಲ್ಲಾಡಿದ್ದಾನೆ.

ನಾನು ಹೇಳಿದ್ದರಲ್ಲಿ ಸಂದೇಹವಿದ್ದರೆ ಕೇಳಲು ಜನ ಇದ್ದಾರೆ. ಅಮ್ಮ ಇಲ್ಲ. ಶಾರದಮ್ಮನವರು ಹೋದ ಮಾಘದಲ್ಲಿ ಹೋದರು. ಹುಡುಗರಲ್ಲಿ ಚೇತನ್ ಇದ್ದಾನೆ. ಅವನು ನೋಡಿದ, ಕೇಳಿಸಿಕೊಳ್ಳಲಿಲ್ಲ. ಉಳಿದ ಮೂವರ ಹೆಸರು ನನಗೆ ತಿಳಿಯದು, ಎಲ್ಲಿದ್ದರೂ ಚೆನ್ನಾಗಿರಲಿ. ಪಕ್ಕದ ಮನೆಯಲ್ಲಿ ರತ್ನಮ್ಮನವರಿದ್ದಾರೆ. ಕಾಂಪೌಂಡಿನ ಹತ್ತಿರ ನಿಂತು ಕೇಳಿದರೆ ಸಾಕು, "ದಡ್ಡಿ" ಸಮೇತ ಹೇಳುತ್ತಾರೆ. ನಾನಿದ್ದೇನೆ. ಮತ್ತೆ, ಗೊಂಬೆಯ ಕಡೆ ನೋಡದೆ ಕೂತಿದ್ದ ವಸುಧಾ ಇದ್ದಾಳೆ.